ಹುಲಿಗೆವ್ವನ ಮುಂಗೋಡೆ

ನಮ್ಮೂರಲ್ಲಿ ಯಾರದಾದರೂ ಗಂಟಲು ಕಟ್ಟಿದರೆ ಡಾಕ್ಟರ ಕಡೆ ಹೋಗು ಅನ್ನುವುದಿಲ್ಲ, ಹೋಗಿ ಗೋಡೆ ನೋಡಿಕೋ ಅನ್ನುತ್ತಾರೆ. ಮಣ್ಣಿನ ಗೋಡೆ ಇಲ್ಲಿ ನಿಲ್ಲುವುದಿಲ್ಲ, ಉಪ್ಪು ಅದನ್ನು ಬುಡದಿಂದಲೇ ತಿಂದು ಮುಗಿಸುತ್ತದೆ. ಹಾಗಾಗಿ ಉಪ್ಪಿನ ಕೆರೆಯ ಸುತ್ತ ಇರುವ ಮನೆಗಳೆಲ್ಲ ತಗಡಿನವು, ತಗಡಿನ ಮೇಲೆ ಬಣ್ಣ. ಮುಂಗೋಡೆಯ ಬಣ್ಣ ಮನೆಯ ಹೆಂಗಸಿನ ದನಿ, ಹಿಂಗೋಡೆಯದು ಗಂಡಸಿನ ದನಿ. ಬಿಸಿಲಿಗೂ ಉಪ್ಪುಗಾಳಿಗೂ ಬಣ್ಣ ಸತ್ತು ಬಿಳಿ ಹಿಟ್ಟಾಗುತ್ತಾ ಹೋದಂತೆ ದನಿಯೂ ಇಳಿಯುತ್ತದೆ. ಗಾಳಿ ಬೀಸುವುದು ಕೆರೆಯ ಕಡೆಯಿಂದ, ಮನೆಗಳು ಮುಖ ಮಾಡಿರುವುದೂ ಕೆರೆಗೇ. ಹೀಗಾಗಿ ಯಾವ ಮನೆಯಲ್ಲಾದರೂ ಮೊದಲು ಇಳಿಯುವುದು ಹೆಂಗಸಿನ ದನಿ. ಮನೆಗಳನ್ನು ಹೀಗೆ ಮುಖ ಮಾಡಿಸಿ ಕಟ್ಟಿಸಿದವರು ಯಾರು ಎಂದು ಕೇಳಿದರೆ, ಗಂಡಸರೆಲ್ಲ ಹಿತ್ತಲಲ್ಲಿ ಏನೋ ಕೆಲಸ ನೆನಪಾದವರ ಹಾಗೆ ಎದ್ದು ಹೋಗುತ್ತಾರೆ.

ಹುಲಿಗೆವ್ವನ ಮನೆ ನಮ್ಮ ಮನೆಯ ಪಕ್ಕದ್ದು. ನಾನು ಅವಳನ್ನು ಚಿಗವ್ವ ಅನ್ನುತ್ತೇನೆ, ಅವಳ ಗಂಡ ಫಕೀರಪ್ಪನನ್ನು ಕಾಕಾ. ರಕ್ತಸಂಬಂಧ ಏನೂ ಇಲ್ಲ. ಒಂದೇ ಕೇರಿಯಲ್ಲಿ ಉಪ್ಪು ಹೊತ್ತವರು ಯಾವುದಾದರೊಂದು ವರಸೆಯಲ್ಲಿ ಸಂಬಂಧ ಆಗಿಯೇ ಆಗುತ್ತಾರೆ. ಅವರ ಮುಂಗೋಡೆಗೆ ಕುಂಬಳ ಹೂವಿನ ಹಳದಿ ಇತ್ತು. ಮದುವೆಯಾದ ವರ್ಷ ಕಾಕಾ ತನ್ನ ಕೈಯಾರೆ ಬಳಿದದ್ದು. ಆಗ ಅವನಿಗೆ ಕಣ್ಣಿದ್ದವು. ಡಬ್ಬಿಯಲ್ಲಿ ಇದ್ದದ್ದೇ ಅಷ್ಟು, ಹಾಗಾಗಿ ಒಂದೇ ಕೈ ಬಳಿದಿದ್ದ, ತೆಳ್ಳಗೆ. ಆ ತೆಳ್ಳನೆಯ ಹಳದಿಯಿಂದ ಎಂಥ ದನಿ ಹೊರಟಿತ್ತು ಅಂತೀರಿ! ಚಿಗವ್ವ ಅಂಗಳದಲ್ಲಿ ಕೋಳಿ ಕರೆದರೆ ಆಚೆ ಕೇರಿಯ ಕೋಳಿಗಳೂ ಬರುತ್ತಿದ್ದವು.

ಆ ದನಿ ಬರೀ ಅವಳದಾಗಿರಲಿಲ್ಲ, ಕೇರಿಗೆಲ್ಲ ಬೇಕಾದದ್ದಾಗಿತ್ತು. ಉಪ್ಪಿನ ಹಂಗಾಮು ಶುರುವಾಗುವ ಬೆಳಿಗ್ಗೆ ನಮ್ಮಲ್ಲಿ ಕೂಗು ನಡೆಯುತ್ತದೆ. ಉಪ್ಪಿನ ಕಂಪನಿಯವರು ಆಚೆ ತುದಿಯ ತೂಕದ ಮನೆಯಲ್ಲಿ ಕೂರುತ್ತಾರೆ. ಉದ್ದನೆಯ ಒಡ್ಡಿನ ಈ ತುದಿಯಲ್ಲಿ ನಾವು ನಿಲ್ಲುತ್ತೇವೆ. ನಮ್ಮ ಪೈಕಿ ಒಬ್ಬರು ಆ ವರ್ಷದ ಬೇಡಿಕೆ ಕೂಗುತ್ತಾರೆ. ತೂಕದ ಮನೆಗೆ ಕೇಳಿಸಿದ್ದಕ್ಕೆ ಕಂಪನಿ ಒಪ್ಪಿಕೊಳ್ಳಬೇಕು, ಕೇಳಿಸದೆ ಹೋದದ್ದು ಹೋಯಿತು. ಮುಖ್ಯವಾದ ಜಗಳ ಬುಟ್ಟಿಯದು. ಒಂದು ಬುಟ್ಟಿಗೆ ಇಷ್ಟು ಕೂಲಿ ಅಂತ ಇದ್ದರೆ, ಆ ಬುಟ್ಟಿ ಬಾಯಿಮಟ್ಟ ತುಂಬಿದ್ದೋ, ಗೋಪುರ ಕಟ್ಟಿದ್ದೋ? ಗೋಪುರ ಹೊತ್ತವರ ಕತ್ತು ನೋಡಬೇಕು ನೀವು. ಹುಲಿಗೆವ್ವ ಕೂಗಲು ನಿಂತ ವರ್ಷಗಳಲ್ಲಿ ಒಮ್ಮೆಯೂ ನಾವು ಗೋಪುರ ಹೊತ್ತಿಲ್ಲ.

ಕಾಕಾನ ಕಣ್ಣನ್ನು ಉಪ್ಪಿನ ಬೆಳಕು ತಿಂದಿತು. ಬೇಸಿಗೆಯಲ್ಲಿ ಉಪ್ಪು ಕಟ್ಟುವ ಮಡಿಗಳಲ್ಲಿ ಬಿಳುಪು ಕೆಳಗಿನಿಂದಲೂ ಹೊಡೆಯುತ್ತದೆ, ಮೇಲಿನಿಂದಲೂ ಹೊಡೆಯುತ್ತದೆ. ಕಂಪನಿಯ ಡಾಕ್ಟರು ವಯಸ್ಸಾಯಿತಲ್ಲ ಅಂದ. ಕಾಕಾಗೆ ಆಗ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಆದರೂ ಅವನು ಕೆಲಸ ಬಿಡಲಿಲ್ಲ. ಚಿಗವ್ವ ಒಡ್ಡಿನ ತುದಿಯಲ್ಲಿ ನಿಂತು ಮಾತಾಡುತ್ತಿದ್ದಳು, ಅವನು ಆ ಮಾತು ಹಿಡಿದು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಎರಡು ಪಾದ ಜೋಡಿಸಿದಷ್ಟೇ ಅಗಲದ ಒಡ್ಡಿನ ಮೇಲೆ ಸರಸರ ನಡೆದು ಬರುತ್ತಿದ್ದ. ಅವಳೇನು ದಾರಿಯನ್ನೇ ಹೇಳಬೇಕಂತಿರಲಿಲ್ಲ. ಬದನೆಕಾಯಿ ರೇಟಿನ ಮಾತಾದರೂ ಸಾಕಿತ್ತು.

ಹಳದಿ ಹಿಟ್ಟಾಗುತ್ತಾ ಬಂತು. ಗೋಡೆಗೆ ಒರಗಿದವರ ಬೆನ್ನು ಬೆಳ್ಳಗಾಗತೊಡಗಿತು. ಚಿಗವ್ವನ ದನಿ ಮೊದಲು ಕೆರೆ ದಾಟುವುದನ್ನು ಬಿಟ್ಟಿತು, ಆಮೇಲೆ ಕೇರಿ, ಆಮೇಲೆ ಹೊಸ್ತಿಲು. ಕೊನೆಗೆ ಕಿವಿಗೆ ಬಾಯಿ ಹಚ್ಚಿದರೆ ಮಾತ್ರ ಕೇಳುವಷ್ಟಾಯಿತು. ಕಾಕಾ ಮಡಿಗೆ ಹೋಗುವುದು ನಿಂತಿತು. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಗಂಡಹೆಂಡತಿ ಜಗಳ ಆಡಬೇಕಾದರೂ ಅವಳು ಅವನ ಕೊರಳು ಹಿಡಿದು ಕಿವಿಗೆ ತುಟಿ ಹಚ್ಚಬೇಕಾಗಿತ್ತು. ಅವಳು ಬೈಯುತ್ತಿದ್ದರೆ ಅವನು ನಗುತ್ತಿದ್ದ. ಕೇರಿಯ ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು.

ಕೂಗಿನ ದಿನ ಹತ್ತಿರ ಬಂದಾಗ ಕಂಪನಿಗೆ ನಮ್ಮ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮ್ಯಾನೇಜರ್ ವಿಠಲರಾಯರು ಗಾಡಿ ತುಂಬ ಬಣ್ಣದ ಡ್ರಮ್ಮು ಹೇರಿಸಿಕೊಂಡು ಕೇರಿಗೇ ಬಂದರು. ಅವರು ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಕಾಲಿಟ್ಟವರು ಕೂರಲಿಲ್ಲ, ನೀರು ಕುಡಿಯಲಿಲ್ಲ, ಮೂಗಿಗೆ ಹಿಡಿದ ಕರವಸ್ತ್ರ ತೆಗೆಯಲೂ ಇಲ್ಲ.

“ಪುಕ್ಕಟೆ ಬಣ್ಣ. ಮುಂದೆ, ಹಿಂದೆ ಎರಡೂ ಕಡೆ. ಎಲ್ಲ ಮನೆಗೂ ಹಾಲುಕೆನೆ ಬಣ್ಣ, ನೋಡೋಕೆ ಒಂದೇ ಥರ ಚೆಂದ ಕಾಣ್ತದೆ” ಎಂದರು.

ನಾವು ಬೇಡ ಅನ್ನಲಿಲ್ಲ. ಯಾಕೆ ಅನ್ನಬೇಕು? ನನ್ನ ಹೆಂಡತಿ ರತ್ನವ್ವ ದನಿಯಿಲ್ಲದೆ ವರ್ಷ ಕಳೆದಿದ್ದಳು. ತಿಕ್ಕಿ ತೊಳೆದರೆ ಹಳೆಯ ಬಣ್ಣ, ಹಳೆಯ ದನಿ ಎದ್ದು ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಗಾಳೆಪ್ಪನಿಗಾದ ಗತಿಯನ್ನು ಕೇರಿ ಮರೆತಿರಲಿಲ್ಲ. ನಮ್ಮ ತಗಡುಗಳೆಲ್ಲ ಮೇಲಿನ ಓಣಿಯವರು ಮನೆ ಕೆಡವಿದಾಗ ಬಿಸಾಡಿದವು. ಗಾಳೆಪ್ಪ ಹಿಂಗೋಡೆಯನ್ನು ಜಿದ್ದಿಗೆ ಬಿದ್ದವನಂತೆ ತಿಕ್ಕಿ ತಿಕ್ಕಿ, ತನ್ನ ಬಣ್ಣವನ್ನೂ ದಾಟಿ, ಅದರಡಿಯ ಯಾವುದೋ ಸಾಹುಕಾರನ ಬಣ್ಣಕ್ಕೆ ತಲುಪಿಬಿಟ್ಟಿದ್ದ. ಮಾತು ಅವನದೇ, ದನಿ ಸಾಹುಕಾರನದು. ಅವನು “ಒಂದು ಕಟ್ಟು ಬೀಡಿ ಕೊಡ್ರಿ” ಅಂದರೆ ಅಂಗಡಿಯವನು ಬೆನ್ನು ತಿರುಗಿಸಿಕೊಂಡೇ ಕುರ್ಚಿ ಎಳೆದು ಹಾಕುತ್ತಿದ್ದ. ತಿರುಗಿ ನೋಡಿದವನೇ ಕುರ್ಚಿ ಒಳಗಿಡುತ್ತಿದ್ದ. ಇದು ದಿನಾ ನಡೆಯಿತು. ಕೊನೆಗೆ ಗಾಳೆಪ್ಪ ಅಂಗಡಿಗೆ ಹೋದರೆ ಮಾತಾಡುವುದನ್ನೇ ಬಿಟ್ಟು ಬೀಡಿಯ ಕಡೆ ಬೆರಳು ತೋರಿಸತೊಡಗಿದ. ಕಂಪನಿಯ ಬಣ್ಣಕ್ಕೆ ಎಲ್ಲರಿಗಿಂತ ಮೊದಲು ಬ್ರಷ್ ಹಿಡಿದವನು ಅವನೇ.

ಹುಲಿಗೆವ್ವ ಒಬ್ಬಳು ಬಾಗಿಲಿಗೆ ಅಡ್ಡ ನಿಂತಳು. ತುಟಿ ಅಲ್ಲಾಡಿತು, ವಿಠಲರಾಯರಿಗೆ ಕೇಳಲಿಲ್ಲ. ನನ್ನನ್ನು ಕರೆದು ಕಿವಿಯಲ್ಲಿ ಹೇಳಿದಳು. ನಾನು ಜೋರಾಗಿ ಒಪ್ಪಿಸಿದೆ: “ಹಿಟ್ಟಿನ ಮ್ಯಾಲ ಬಣ್ಣಾ ಬಳದ್ರ ಎಷ್ಟು ದಿನ ನಿಂತೀತು ಅಂತ ಕೇಳಾಕತ್ತಾಳ್ರಿ.”

“ಈ ಹಂಗಾಮು ನಿಂತರೆ ಸಾಕಲ್ಲ” ಎಂದರು ವಿಠಲರಾಯರು. ಅವರು ಸುಳ್ಳು ಹೇಳುವವರಲ್ಲ.

ಚಿಗವ್ವ ಮತ್ತೆ ನನ್ನ ಕಿವಿಗೆ ಬಂದಳು. ಅವಳು ಎರಡನೇ ಸಲ ಹೇಳಿದ್ದನ್ನು ನಾನು ಒಪ್ಪಿಸಲಿಲ್ಲ.

ಬಣ್ಣ ಒಣಗಿದ ಮೇಲೆ ಕೇರಿಗೆ ದನಿ ಬಂತು. ಬಸ್ ಸ್ಟ್ಯಾಂಡಿನ ಮೈಕು ಬಸ್ಸು ತಡವಾಗಿದೆ ಎಂದು ಹೇಳಿ ಕ್ಷಮೆ ಕೇಳುತ್ತದಲ್ಲ, ಅಂಥ ನಯವಾದ ದನಿ. ಹೆಂಗಸರಿಗೆಲ್ಲ ಒಂದು, ಗಂಡಸರಿಗೆಲ್ಲ ಇನ್ನೊಂದು. ಒಬ್ಬಳು ಮಗನನ್ನು ಊಟಕ್ಕೆ ಕರೆದರೆ ಕೇರಿಯ ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿಬರುತ್ತಿದ್ದವು. ನಲ್ಲಿಯ ಹತ್ತಿರ ಕೊಡದ ಜಗಳವಾದರೆ ಮದುವೆಗೆ ಕರೆಯಲು ಬಂದವರ ಮಾತಿನಂತೆ ಕೇಳುತ್ತಿತ್ತು. ರತ್ನವ್ವ ನನಗೆ ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ ಅಂದಳು. ನಾನು ಆಗಲಿ ಅಂದೆ. ಎಲ್ಲ ನಗೆಚಾಟಿಕೆ ಆಗಿ ಹೋಯಿತು. ಒಂದು ದಿನ ಗಾಳೆಪ್ಪ ಒಡ್ಡಿನ ಮೇಲೆ ನಿಂತು ಕೂಗಿನ ಅಭ್ಯಾಸ ಮಾಡಿ ನೋಡಿದ. “ಗೋಪುರ ಹೊರೂದಿಲ್ಲ!” ಎಂದು ಹೊಟ್ಟೆಯಿಂದ ಕೂಗಿದ. ಆಚೆ ತುದಿಯಲ್ಲಿದ್ದ ಕಾವಲಿನವನು ಕೈಮುಗಿದು, “ನಿಮಗೂ ನಮಸ್ಕಾರ” ಎಂದು ಮರುಕೂಗು ಹಾಕಿದ. ಅವತ್ತು ಯಾರಿಗೂ ನಗು ಬರಲಿಲ್ಲ. ನಮಗೆ ಸಿಕ್ಕಿದ್ದು ಏನು, ಹೋದದ್ದು ಏನು ಎಂದು ಅವತ್ತು ತಿಳಿಯಿತು.

ವಿಚಿತ್ರವೆಂದರೆ, ಚಿಗವ್ವನಿಗೆ ಬಣ್ಣ ಹಚ್ಚು ಎಂದು ಗಂಟು ಬಿದ್ದವನು ಕಾಕಾನೇ. “ಹುಲಿಗಿ, ಯಾವ ದನಿಯಾದ್ರೇನ? ನಾ ಹೊಸಾದು ಕಲಕೊಳ್ತೀನಿ. ನೀ ಬಾಯಿ ಸತ್ತು ಕುಂತದ್ದ ನನಗ ತಡಕೊಳ್ಳಾಕ ಆಗವಲ್ದು.” ಅವಳು ಅವನ ಕೊರಳು ಹಿಡಿದು ಕಿವಿಗೆ ಏನೋ ಊದಿದಳು. ಅವನು ಅದನ್ನು ನನಗೆ ದೂರಿನಂತೆ ಹೇಳಿದ: “ನೋಡ ಯಮನೂರ, ಓಣಿ ಹೆಂಗಸರೆಲ್ಲಾ ಒಂದ ದನ್ಯಾಗ ಕರದ್ರ ಯಾರ ಹಿಂದ ಹೋಗ್ತಿ ಅಂತ ಕೇಳ್ತಾಳ. ನಾ ಏನ ಅಷ್ಟು ದಡ್ಡ ಅದೀನೇನ?”

ಆ ಮಾತು ಆಡಿದ ಮಾರನೆಯ ಮಧ್ಯಾಹ್ನ ರತ್ನವ್ವ ನನ್ನನ್ನು ಊಟಕ್ಕೆ ಕರೆದಳು. ಕಾಕಾ ತನ್ನ ಕಟ್ಟೆಯಿಂದ ಎದ್ದು, ಕೋಲೂರಿಕೊಂಡು ನೆಟ್ಟಗೆ ನಮ್ಮನೆಗೆ ಬಂದು, ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಮುಖವೆಲ್ಲ ಅರಳಿಬಿಟ್ಟಿತ್ತು. “ಅಂತೂ ಹಚ್ಚಿದಿ ಬಿಡು ಬಣ್ಣಾ. ಚಲೋ ಐತಿ ದನಿ” ಅಂದ. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದ. “ಪಲ್ಯಾನೂ ಇವತ್ತ ಚಲೋ ಆಗೇತಿ ನೋಡ” ಅಂದ. ತಲೆ ಎತ್ತಿ ನೋಡಿದರೆ ನಮ್ಮ ಬಾಗಿಲಲ್ಲಿ ಚಿಗವ್ವ ನಿಂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಅವನು ಅವಳ ಕಡೆಗೇ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದ.

ಅವಳು ಒಳಗೆ ಬಂದು, ತುತ್ತು ನುಂಗುತ್ತಿದ್ದ ಅವನ ಗಂಟಲ ಮೇಲೆ ಕೈಯಿಟ್ಟಳು. ಅಂಗೈಯ ಒರಟಿನಿಂದ ಅವನಿಗೆ ಗೊತ್ತಾಯಿತು. ತುತ್ತು ಕೈಯಲ್ಲೇ ನಿಂತಿತು. “ಹುಲಿಗಿ” ಅಂದ. “ತಪ್ಪು ಮನಿಗೆ ಬಂದೀನಿ ಏನ?” ಅಂದ. ಅವಳು ನಕ್ಕಳೋ ಅತ್ತಳೋ, ದನಿ ಇಲ್ಲದ್ದರಿಂದ ಹೇಳುವುದು ಕಷ್ಟ.

ಅವತ್ತೇ ಅವಳು ಅಂಟವಾಳ ನೆನೆಹಾಕಿದಳು.

ಗೋಡೆ ತಿಕ್ಕುವುದು ಕಸಬು ಬಲ್ಲವರ ಕೆಲಸ. ಬಿಸಿಲಲ್ಲಿ ತಿಕ್ಕಬಾರದು, ಗೋಡೆಗೆ ನೆರಳು ಬಂದ ಮೇಲೆ ತಿಕ್ಕಬೇಕು. ಅಂಟವಾಳದ ನೊರೆಗೆ ಚೂರು ಹುಣಸೆಹುಳಿ ಬೆರೆಸಿ, ಮೆತ್ತಗಾದ ಹಳೆಯ ಸೀರೆಯ ತುಂಡಿನಿಂದ, ಕೆಳಗಿನಿಂದ ಮೇಲಕ್ಕೆ ಅಂಗೈಯಗಲ ಅಂಗೈಯಗಲ ಹೋಗಬೇಕು. ಬಟ್ಟೆಗೆ ಬಿಳಿ ಹತ್ತುವವರೆಗೆ ಹಿಟ್ಟು ಹೋಗುತ್ತಿದೆ ಅಂತ. ಬಟ್ಟೆಗೆ ಬಣ್ಣ ಹತ್ತಿತೋ, ಕೈ ತೆಗೆಯಬೇಕು, ಆಮೇಲೆ ಹೋಗುವುದು ದನಿ. ಕೊನೆಗೆ ಅಗಸೆ ಎಣ್ಣೆ ಸವರಿ ಒಣಗಲು ಬಿಡಬೇಕು. ತಿಕ್ಕುತ್ತೇನೆ ಎಂದು ಕಾಕಾನೇ ಬಟ್ಟೆ ಕಸಿದುಕೊಂಡ. ಹಿಟ್ಟು ಮುಗಿದು ನುಣುಪು ಶುರುವಾಗುವುದು ಅವನ ಅಂಗೈಗೆ ತಿಳಿಯುತ್ತಿತ್ತು. ಬಟ್ಟೆಯ ಬಣ್ಣ ನೋಡಿ, ಸಾಕಾದಾಗ ಅವನ ಕಾಲು ತಟ್ಟುವುದು ಅವಳ ಪಾಲಿಗೆ ಬಂತು. ನಾವೆಲ್ಲ ನಮ್ಮ ನಮ್ಮ ಕಟ್ಟೆಯ ಮೇಲೆ ಕೂತು ನೋಡಿದೆವು.

ಗೋಡೆಯ ಬುಡದಲ್ಲಿರುವುದು ಗುಟ್ಟಿನ ಮಾತು, ಎದೆಮಟ್ಟದಲ್ಲಿ ಮನೆಮಾತು, ಸೂರಿನಡಿಯಲ್ಲಿ ಕೂಗು. ಬುಡ ತಿಕ್ಕಿ ಮುಗಿದಾಗ ಚಿಗವ್ವ ಏನೋ ಪಿಸುಗುಟ್ಟಿದಳು, ಕಾಕಾ ನಾಚಿಕೊಂಡ. ಎದೆಮಟ್ಟಕ್ಕೆ ಬಂದಾಗ, “ಸಾಕು, ಅಲ್ಲಿ ಆತು, ಬಲಕ್ಕ ಸರಿ” ಎಂಬ ಮಾತು ಅಂಗಳದಲ್ಲಿ ಬಿತ್ತು. ಕೊಂಚ ಒರಟು, ಕೊಂಚ ನಗೆ ಬೆರೆತ ಅದೇ ಹಳೆಯ ದನಿ. ರತ್ನವ್ವ ಅಳತೊಡಗಿದಳು, ಬಸ್ ಸ್ಟ್ಯಾಂಡಿನ ಮೈಕಿನ ನಯದಲ್ಲಿ. ಕಾಕಾ ಬಟ್ಟೆ ಹಿಡಿದುಕೊಂಡೇ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ.

“ಏ ಮುದುಕಾ, ನಿದ್ದಿ ಮಾಡಿದ್ಯೇನ?”

“ಇನ್ನೊಮ್ಮಿ ಬೈ” ಅಂದ ಕಾಕಾ.

ಏಣಿ ಹಾಕಿ ಮೇಲಕ್ಕೆ ಹತ್ತಿದ. ಅವಳು ಏಣಿಯ ಬುಡ ಹಿಡಿದು ನಿಂತಳು. ಸೂರಿನಡಿಯ ಮೊದಲ ಅಂಗೈಯಗಲ ಹಳದಿ ಹೊಳೆದಾಗ, ನೋಡೋಣ ಎಂದು ಅವಳು ಒಂದು ಓಗೊಟ್ಟಳು. ಆ ಓ ಎನ್ನುವುದು ಕೇರಿ ದಾಟಿ, ಕೆರೆ ದಾಟಿ, ಆಚೆ ದಡಕ್ಕೆ ಬಡಿದು ನಮಗೆ ವಾಪಸು ಬಂತು. ನನ್ನ ಮೈಮೇಲೆ ಮುಳ್ಳು ಎದ್ದವು. ಕಾಕಾ ಏಣಿಯ ಮೇಲೆ ಗಹಗಹಿಸಿ ನಗತೊಡಗಿದ, ನಗುತ್ತಾ ತಿಕ್ಕತೊಡಗಿದ. “ಕೂಗು, ಕೂಗು, ಇನ್ನಷ್ಟು ಕೂಗು!” ಅವಳು ಕೂಗಿದಷ್ಟೂ ಅವನಿಗೆ ಹುರುಪು. ಅಂಗೈ ನುಣುಪು ಕಂಡದ್ದೂ ಅವನಿಗೆ ಲೆಕ್ಕಕ್ಕಿಲ್ಲ, ಕೆಳಗೆ ಅವಳು ಕಾಲು ತಟ್ಟಿದ್ದೂ ಲೆಕ್ಕಕ್ಕಿಲ್ಲ. ಬಟ್ಟೆ ಕುಂಬಳ ಹೂವಿನಂತೆ ಹಳದಿಯಾಗಿತ್ತು. “ಸಾಕೋ, ಬಣ್ಣಾ ಹೋಗಾಕತ್ತೈತಿ, ಸಾ…” ಎಂದು ಅವಳು ಕಿರುಚಿದ್ದು ನಡುವಿನಲ್ಲೇ ತುಂಡಾಯಿತು. ಬಾಯಿ ತೆರೆದೇ ಇತ್ತು, ಕೂಗು ಇರಲಿಲ್ಲ. ಸೂರಿನಡಿ ಬೋಳು ತಗಡು ಹೊಳೆಯುತ್ತಿತ್ತು.

ಕಾಕಾ ಏಣಿಯಿಂದ ಹೇಗೆ ಇಳಿದನೋ. ಬಟ್ಟೆಯನ್ನು ಮೂಸಿ ನೋಡಿದ. “ಯಮನೂರ, ಯಾವ ಬಣ್ಣ ಐತಿ ಹೇಳೋ” ಅಂದ. ನಾನು ಬಟ್ಟೆಯನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡೆ. ಅವನು ನೆಲಕ್ಕೆ ಕೂತು ಎರಡೂ ಕೈಯಿಂದ ಹಣೆ ಬಡಿದುಕೊಂಡ.

“ಬಡಕೊಬ್ಯಾಡ, ಕೈಗೆ ಹುಣಸಿಹುಳಿ ಐತಿ, ಕಣ್ಣಾಗ ಬಿದ್ದೀತು” ಅಂದಳು ಚಿಗವ್ವ. ಮನೆಮಾತು ಹಾಗೇ ಉಳಿದಿತ್ತು.

“ಕಣ್ಣಿಗೆ ಏನಾಗತೈತಿ ಇನ್ನ! ನಿನ್ನ ಕೂಗು ತಿಂದೆ ನಾನು. ಕೇರಿ ಕೂಗು ತಿಂದೆ.”

“ತಿಂದಿ. ಯಾಕ ತಿಂದಿ ಅನ್ನೂದು ನನಗ ಗೊತ್ತೈತಿ. ಏಳು, ಎಣ್ಣಿ ಹಚ್ಚಬೇಕು.”

ನಾನು ಒಂದು ದಾರಿ ಸೂಚಿಸಿದೆ. ಬೋಳಾದಷ್ಟು ಜಾಗಕ್ಕೆ ಕಂಪನಿಯ ಕೆನೆ ಬಣ್ಣ ಹಚ್ಚಿಬಿಡು, ಕೂಗಾದರೂ ಬರುತ್ತದೆ ಎಂದೆ. ಚಿಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮನ್ಯಾಗ ನನ್ನ ದನಿ, ಬಯಲಾಗ ಅವರ ದನಿ. ಹಂಗ ಏನೋ ಯಮನೂರ? ಬಯಲಿನ ಸಲುವಾಗಿನ ಅಲ್ಲೇನ ಈ ದನಿ ಬೇಕಾದದ್ದು?” ನಾನು ಎಣ್ಣೆಯ ಬಟ್ಟಲು ಹಿಡಿದುಕೊಂಡು ನಿಂತೆ.

ಕೂಗಿನ ಹಿಂದಿನ ದಿನ ಅವಳು ಮನೆಮನೆಯ ಹೊಸ್ತಿಲಿಗೆ ಹೋದಳು. “ನಾಳೆ ಎಲ್ಲಾರೂ ಬರ್ರಿ. ಆದ್ರ ಬಾಯಿ ಮುಚಗೊಂಡು ಬರ್ರಿ” ಅಂದಳು.

ಗಾಳೆಪ್ಪ ಸಿಡುಕಿದ. “ಬಾಯಿ ಮುಚ್ಚು ಅಂತ ಕಂಪನಿ ಹೇಳ್ತಿತ್ತು, ಈಗ ನೀನೂ ಚಾಲೂ ಮಾಡಿದ್ಯೇನ, ಅಕ್ಕಾ?”

“ಅವರು ಹೇಳಿದಾಗ ಅಂಜಿ ಮುಚ್ಚತಿದ್ದಿ. ನನ್ನ ಸಲುವಾಗಿ ಬೇಕಂತ ಮುಚ್ಚು. ಮುಚ್ಚಿ ನೋಡು, ಎಷ್ಟು ಬ್ಯಾರೆ ಇರತೈತಿ.”

ಬೆಳಿಗ್ಗೆ ಗಾಳಿ ನಿಂತಿತ್ತು. ಮಡಿಗಳ ನೀರು ಕನ್ನಡಿಯ ಹಾಗೆ. ಕೂಗು ಕೇಳಿಸಿತೋ ಇಲ್ಲವೋ ಎಂದು ಹೇಳಲು ತೂಕದ ಮನೆಯಲ್ಲಿ ಎರಡೂ ಕಡೆಯ ಒಂದೊಂದು ಕಿವಿ ಕೂರಬೇಕು. ಕಂಪನಿಯ ಕಿವಿ ವಿಠಲರಾಯರು. ನಮ್ಮ ಕಿವಿಯಾಗಿ ಕಾಕಾ ಹೋಗಿದ್ದ, ತಾನೇ ಹಠ ಹಿಡಿದು. ಗಾಳೆಪ್ಪ ಅವನನ್ನು ಕೈಹಿಡಿದು ಕರೆದೊಯ್ದು ಬಿಟ್ಟು ಬಂದ. ಒಡ್ಡಿನ ಈ ತುದಿಯಲ್ಲಿ ಕೇರಿಗೆ ಕೇರಿಯೇ ನಿಂತಿತ್ತು. ಹೆಂಗಸರು ಬಳೆ ಮೇಲಕ್ಕೇರಿಸಿ ಸೆರಗಿನಿಂದ ಬಿಗಿದಿದ್ದರು. ಕಾಲುಂಗುರ ಕಲ್ಲಿಗೆ ತಾಗದಂತೆ ಮಣ್ಣಿನ ಮೇಲೆ ನಿಂತಿದ್ದರು. ಆಡಿನ ಕೊರಳ ಗಂಟೆಗೆ ಅರಿವೆ ತುರುಕಿತ್ತು. ಮಕ್ಕಳ ಬಾಯಲ್ಲಿ ಬೆಲ್ಲ. ಅಷ್ಟು ಜನ ಅಷ್ಟು ಸುಮ್ಮನೆ ನಿಂತದ್ದನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಆದರೆ ಅದು ಸೋತವರ ಸುಮ್ಮನಿರುವಿಕೆ ಆಗಿರಲಿಲ್ಲ. ಕಂಪನಿಯ ಬಣ್ಣ ಕೊಟ್ಟ ದನಿಯನ್ನು ನಾವು ಕಂಪನಿಗೇ ಬಿಟ್ಟಿದ್ದೆವು.

ಚಿಗವ್ವ ಒಡ್ಡಿನ ತುದಿಗೆ ಹೋಗಿ, ಸೆರಗು ಸಿಕ್ಕಿಸಿ, ಕೂಗಲಿಲ್ಲ. ಅಡಿಗೆಮನೆಯಿಂದ ಕಟ್ಟೆಗೆ ಮಾತಾಡುವ ಹಾಗೆ ಮಾತಾಡಿದಳು.

“ಬುಟ್ಟಿ ಬಾಯಿಮಟ್ಟ. ಗೋಪುರ ಹೊರೂದಿಲ್ಲ. ಕುಡ್ಯಾಕ ಸಿಹಿನೀರು ಮಡಿ ಹತ್ತರ ಇಡಬೇಕು. ಕಣ್ಣಿಗೆ ಕರೇ ಕನ್ನಡಕ ಕೊಡಬೇಕು, ಹುಡುಗರದೂ ಹೋಗೂಕಿಂತ ಮೊದಲ.”

ಮಾತು ನೀರಿನ ಮೇಲೆ ಹೋಯಿತು. ತಲುಪಿತೋ ಇಲ್ಲವೋ ನಮಗೆ ತಿಳಿಯದು. ದೂರದಲ್ಲಿ ವಿಠಲರಾಯರು ತೂಕದ ಮನೆಯ ಬಾಗಿಲಿಗೆ ಬಂದು ಕಿವಿಗೆ ಕೈಯಿಟ್ಟು, ಕೇಳಲಿಲ್ಲ ಎಂಬಂತೆ ತಲೆ ಆಡಿಸಿದರು. ಆಗ ಅವರ ಪಕ್ಕದಲ್ಲಿದ್ದ ಕಾಕಾ ಎದ್ದ. ಕೋಲನ್ನು ಅಲ್ಲೇ ಗೋಡೆಗೆ ಒರಗಿಸಿ, ಬರಿಗೈಯಲ್ಲಿ ಒಡ್ಡಿನ ಮೇಲೆ ಕಾಲಿಟ್ಟ.

ಒಡ್ಡಿನ ಎರಡೂ ಕಡೆ ಕುದಿಸಿದಷ್ಟು ಗಟ್ಟಿಯಾದ ಉಪ್ಪುನೀರು. ಚಿಗವ್ವ ಮಾತು ನಿಲ್ಲಿಸಲಿಲ್ಲ. “ಬಾಯಿಮಟ್ಟ ಅಂದೆ, ಕೇಳಿದ್ಯಾ? ನೆಟ್ಟಗ ಬಾ. ಸಿಹಿನೀರು ಹಂಡೆದಾಗ ಇರಬೇಕು, ತುಕ್ಕು ಡ್ರಮ್ಮಿನಾಗಲ್ಲ. ಅಲ್ಲೆ ಒಡ್ಡು ಕುಸದೈತಿ, ಎಡಕ್ಕ. ಹೆಣ್ಣಾಳಿಗೂ ಗಂಡಾಳಿಗೂ ಒಂದ ಬುಟ್ಟಿ. ಎಡಕ್ಕ ಅಂದೆ.” ಕುಸಿದ ಜಾಗದಲ್ಲಿ ಅವನ ಬಲಗಾಲು ಜಾರಿ ಮೊಳಕಾಲಿನವರೆಗೆ ನೀರಿಗಿಳಿಯಿತು. ನನ್ನ ಗಂಟಲಿಗೆ ಕೂಗು ಬಂದು ನಿಂತಿತು. ಕೂಗಿದ್ದರೆ ಅವನು ನನ್ನ ಕಡೆ ತಿರುಗುತ್ತಿದ್ದ, ಆ ಕಡೆ ಒಡ್ಡೇ ಇಲ್ಲ. ನಾನು ಅಂಗೈ ಕಚ್ಚಿಕೊಂಡೆ. ಪಕ್ಕದಲ್ಲಿ ರತ್ನವ್ವ ಸೆರಗು ಕಚ್ಚಿಕೊಂಡಿದ್ದಳು. ಯಾರೂ, ಒಂದು ಮಗುವೂ, ಉಸಿರೆತ್ತಲಿಲ್ಲ.

“ಕಾಲು ತಗಿ. ಹಾಂ. ಕನ್ನಡಕದ ಮಾತು ಎಲ್ಲಿಗೆ ಬಂತು? ಎಲ್ಲಾರಿಗೂ ಒಂದೊಂದು. ಬಾ, ನೆಟ್ಟಗ ಬಾ” ಎಂದು ಅವಳು ಅದೇ ಮಟ್ಟದಲ್ಲಿ ಮುಂದುವರಿಸಿದಳು.

ಅವನು ಬಂದ. ಮಾತನ್ನು ಹಗ್ಗದ ಹಾಗೆ ಹಿಡಿದು ಪಾದದ ಮುಂದೆ ಪಾದ ಇಟ್ಟು ಬಂದ. ಅವನ ಹಿಂದೆ, ಕೇಳಲಿಲ್ಲ ಎಂದು ಇನ್ನು ಹೇಳುವ ಹಾಗಿರದೆ, ವಿಠಲರಾಯರೂ ಬಂದರು. ಬೂಟು ಕೈಯಲ್ಲಿ ಹಿಡಿದು, ಕುಸಿದ ಜಾಗ ಬಂದಾಗ ಎಡಕ್ಕೆ ಸರಿದು ಬಂದರು. ಎಡಕ್ಕೆ ಎಂದು ಅವರಿಗೆ ಹೇಳಿದವರು ಯಾರು, ನೀವೇ ಹೇಳಿ. ಒಪ್ಪಿದ್ದಕ್ಕೆ ಗುರುತಾಗಿ ಅವರು ಬಗ್ಗಿ ಚಿಗವ್ವನ ಬುಟ್ಟಿಗೆ ಮೊದಲ ಹಿಡಿ ಉಪ್ಪು ಹಾಕಿದರು. ಬಾಯಿಮಟ್ಟಕ್ಕೆ ಎಲ್ಲಿ ನಿಲ್ಲಬೇಕೆಂದು ಅವಳು ಬೆರಳಿಂದ ಗೆರೆ ಎಳೆದು ತೋರಿಸಿದಳು.

ಕಾಕಾ ಅವಳ ಭುಜ ತಡವಿ ಹಿಡಿದುಕೊಂಡ. ಒದ್ದೆ ಕಾಲಿನಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

“ಎಷ್ಟು ಒದರಾಡ್ತೀ ಮಾರಾಯ್ತಿ” ಅಂದ. “ನಾ ಕುರುಡ ಅದೀನಿ, ಕಿವುಡ ಅಲ್ಲ.”